ಅತ್ತಯ್ಯನ ಹುಲ್ಲಿನಲ್ಲಿ ನೆಗ್ಗಿಲು

…ಅಥವಾ ಆ ಹೂವನ್ನು ಮದುವೆಯ ನಂತರ ನಾನು ಮೊದಲು ನೋಡಿದ್ದು ವಿಜಯವಾಡದಲ್ಲೇ ಇರಬಹುದು. ಭವಾನಿಪುರಂನ ಮನೆಯಿಂದ ನದಿಯ ಕಡೆಗೆ ಹೋಗುವ ದಾರಿಯ ಅಂಚಿನಲ್ಲಿ: ಹಳದಿ, ಐದು ಎಸಳು, ಅಂಗಿಯ ಗುಂಡಿಯಷ್ಟು. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಅಲ್ಲಿಯದು ಕೃಷ್ಣೆ ತಂದು ಹಾಕಿದ ಮೆಕ್ಕಲು ಮಣ್ಣು, ಈ ಗಿಡಕ್ಕೆ ಇಷ್ಟವಾದದ್ದು ಒಣ ಮರಳು. ಗಂಡನನ್ನು ಕೇಳಿದರೆ, "ಭವಾನಿಪುರಂನಲ್ಲಿ ಎಲ್ಲಿತ್ತು? ಅದು ಭೀಮಿಲಿಯದ್ದು" ಎನ್ನುತ್ತಾರೆ. ಆದರೆ ಅವರು ನೆಲ ನೋಡಿ ನಡೆಯುವವರಲ್ಲ. ಹಾಗಾಗಿ ಹೂವು ಒಂದು ಊರಿನದು, ದಾರಿ ಇನ್ನೊಂದು ಊರಿನದು ಆಗಿ ನನ್ನ ತಲೆಯಲ್ಲಿ ಅಂಟಿಕೊಂಡಿವೆ. ಬಿಡಿಸಲು ಹೋದರೆ ಎರಡೂ ಹರಿಯುತ್ತವೆ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ನಾನು ಚಳ್ಳಕೆರೆ ಕಡೆಯವಳು, ತೆಲುಗು ಮನೆಯ ಸೊಸೆ. ಮಾವಯ್ಯ ಇಬ್ರಾಹಿಂಪಟ್ನಂನಲ್ಲಿ ವಿದ್ಯುತ್ ತಯಾರಿಸುವ ಕಡೆ ಕೆಲಸ ಮಾಡಿ ನಿವೃತ್ತರಾದರು. ನನಗೂ ಗಂಡನಿಗೂ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿತು. ನನ್ನದು ಔಷಧ ಕಂಪನಿಯೊಂದರಲ್ಲಿ ಗುಣಮಟ್ಟದ ಪರೀಕ್ಷೆ. ನಾಲ್ವರೂ ವಿಜಯವಾಡ ಬಿಟ್ಟು ಭೀಮುನಿಪಟ್ಟಣಕ್ಕೆ ಬಂದೆವು. ಆ ಉದ್ದದ ಹೆಸರನ್ನು ಊರಿನವರು ಯಾರೂ ಹೇಳುವುದಿಲ್ಲ, ಭೀಮಿಲಿ ಅಂದರೆ ಆಯಿತು. ಸಮುದ್ರದಿಂದ ಸ್ವಲ್ಪ ಒಳಗೆ ಬಾಡಿಗೆ ಮನೆ. ಮುಂದೆ ಒಂದು ಲಾನು. ಆ ಲಾನನ್ನು ನೋಡಿಯೇ ಅತ್ತಯ್ಯ ಮನೆಯನ್ನು ಒಪ್ಪಿದ್ದು. ಅಡುಗೆಮನೆಯನ್ನು ಆಮೇಲೆ ನೋಡಿದರು.

ಇನ್ನೊಂದು ಮಾತು. ಮನೆಯಲ್ಲಿ ಆಡುವುದೆಲ್ಲ ತೆಲುಗು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅತ್ತಯ್ಯ ನನ್ನ ತವರಿನ ಯಾರೋ ದೊಡ್ಡಮ್ಮನ ಹಾಗೆ ಕೇಳಿಸುತ್ತಾರೆ. ಅವರು ಹಾಗಲ್ಲ. ಅವರ ಪ್ರತಿ ವಾಕ್ಯದ ಕೊನೆಗೆ ಒಂದು ಎಳೆತವಿದೆ, ಅದು ಅಕ್ಷರದಲ್ಲಿ ಬರುವುದಿಲ್ಲ.

ಅತ್ತಯ್ಯನಿಗೆ ಬೆಳಿಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ಇಬ್ಬನಿ ಅಂಗಾಲಿಗೆ ತಾಗಿದರೆ ಕಣ್ಣಿಗೆ ತಂಪು ಎಂಬುದು ಅವರ ನಂಬಿಕೆ. ಭವಾನಿಪುರಂನಲ್ಲಿ ನದಿಯ ಹತ್ತಿರದ ಉದ್ಯಾನಕ್ಕೆ ಹೋಗುತ್ತಿದ್ದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸೀರೆಯನ್ನು ಒಂದು ಚೂರು ಮೇಲೆತ್ತಿ, ಯಾರ ಜೊತೆಗೂ ಮಾತಾಡದೆ ನಡೆಯುತ್ತಿದ್ದರು. ಇಡೀ ದಿನದಲ್ಲಿ ಅವರು ಸುಮ್ಮನಿರುತ್ತಿದ್ದ ಹೊತ್ತು ಅದೊಂದೇ ಎಂದು ಮಾವಯ್ಯ ಹೇಳುತ್ತಿದ್ದರು, ಅವರು ಕೇಳಿಸಿಕೊಳ್ಳುವಷ್ಟು ಜೋರಾಗಿ.

ಭೀಮಿಲಿಗೆ ಬಂದ ಮೇಲೆ ಸಕ್ಕರೆ ಕಾಯಿಲೆ ಅವರ ಕಾಲಿಗೆ ಇಳಿದಿರುವುದು ಗೊತ್ತಾಯಿತು. ಡಾಕ್ಟರು ಅವರಿಗೆ ಕಣ್ಣು ಮುಚ್ಚಲು ಹೇಳಿ, ನೈಲಾನ್ ಎಳೆಯೊಂದರ ತುದಿಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದರು. ತಾಗಿದಾಗ ಹೇಳಬೇಕು. ಅತ್ತಯ್ಯ ಎಲ್ಲದಕ್ಕೂ "ಆ, ತಾಗ್ತು" ಎಂದರು. ಎಳೆಯನ್ನು ತಾಗಿಸದೆ ಮೇಲೆ ಹಿಡಿದು ಸುಮ್ಮನಿದ್ದಾಗಲೂ "ತಾಗ್ತು" ಎಂದರು. ಡಾಕ್ಟರು ನನ್ನ ಕಡೆ ನೋಡಿದರು. ಅಂಗಾಲಿನಲ್ಲಿ ಸ್ಪರ್ಶ ಹೋಗುತ್ತಿದೆ, ಗಾಯವಾದರೆ ಇವರಿಗೆ ತಿಳಿಯುವುದಿಲ್ಲ, ತಿಳಿಯದ ಗಾಯ ಕಾಲನ್ನೇ ತೆಗೆದುಕೊಂಡು ಹೋಗಬಹುದು, ಬರಿಗಾಲು ಬೇಡ ಎಂದರು.

ಇದು ನನ್ನ ನೆನಪು. ಅತ್ತಯ್ಯನ ನೆನಪಿನಲ್ಲಿ ಡಾಕ್ಟರು ಇನ್ನೊಂದು ವಾಕ್ಯ ಹೇಳಿದ್ದಾರೆ: "ಮುಳ್ಳು, ಗಾಜು ಏನೂ ಇಲ್ಲದ ಜಾಗ ಆದರೆ ಪರವಾಗಿಲ್ಲ." ನಾನೂ ಅದೇ ಕೋಣೆಯಲ್ಲಿದ್ದೆ, ಆ ವಾಕ್ಯ ನನಗೆ ಕೇಳಿಸಲಿಲ್ಲ. ಮಾವಯ್ಯ ಹೊರಗೆ ಬೆಂಚಿನ ಮೇಲಿದ್ದರು, ಅವರಿಗೆ ಕೇಳಿಸಿತಂತೆ. ಆ ಮನೆಯಲ್ಲಿ ಮತ ಹಾಕಿ ಸತ್ಯವನ್ನು ತೀರ್ಮಾನಿಸುವುದು ವಾಡಿಕೆ. ನಾನು ಸೋತೆ. ನಮ್ಮ ಲಾನಿನ ಮೇಲೆ ಮಾತ್ರ, ದಿನಾ ಅಂಗಾಲನ್ನು ನನಗೆ ತೋರಿಸಬೇಕು ಎಂಬ ಷರತ್ತಿನ ಮೇಲೆ, ನಡಿಗೆ ಶುರುವಾಯಿತು.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಒಂದು ದಿನ ನನ್ನ ಚಪ್ಪಲಿಯ ಅಡಿಯಿಂದ ಟಕ್ ಟಕ್ ಸದ್ದು ಬಂತು. ತಿರುಗಿಸಿ ನೋಡಿದರೆ ರಬ್ಬರಿನಲ್ಲಿ ಒಂದು ಮುಳ್ಳಿನ ಕಾಯಿ. ಎರಡು ಕೊಂಬು, ನಡುವೆ ಉಬ್ಬಿದ ಹಣೆ, ಹೋತದ ತಲೆಯನ್ನು ಕುಗ್ಗಿಸಿ ಒಣಗಿಸಿದ ಹಾಗೆ. ಇದು ನನಗೆ ಗೊತ್ತು. ಚಳ್ಳಕೆರೆಯ ಬಯಲುಗಳಲ್ಲಿ ನನ್ನ ಬಾಲ್ಯದ ಅಂಗಾಲು ಓದಿದ್ದೇ ಇದನ್ನು.

"ಇದು ನೆಗ್ಗಿಲು!" ಎಂದೆ.

ಪೇಪರಿನಿಂದ ತಲೆಯೆತ್ತಿದ ಮಾವಯ್ಯ, "ಯಾರು ನೆಗ್ಗಿದ್ದು?" ಎಂದರು.

ತೆಲುಗಿನಲ್ಲಿ ನೆಗ್ಗು ಅಂದರೆ ಗೆಲ್ಲು. ಕನ್ನಡದಲ್ಲಿ ಪಾತ್ರೆ ಬಿದ್ದು ತಗ್ಗಾದರೆ ನೆಗ್ಗಿತು ಅನ್ನುತ್ತೇವೆ. ಒಂದೇ ಪದ ಗಡಿಯ ಆಚೆ ಗೆದ್ದು, ಈಚೆ ಸೊಟ್ಟಗಾಗಿದೆ. ಮುಳ್ಳಿನ ಹೆಸರಿಗೂ ಇವೆರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ಮಾವಯ್ಯನಿಗೆ ಮಾತ್ರ ಅದು ಸಿಕ್ಕ ಆಟಿಕೆಯಾಯಿತು. ತೆಲುಗಿನಲ್ಲಿ ಆ ಗಿಡಕ್ಕೆ ಪಲ್ಲೇರು ಎಂಬ ಒಳ್ಳೆಯ ಹೆಸರಿದೆ. ಅವತ್ತಿನಿಂದ ಅದನ್ನು ಆ ಮನೆಯಲ್ಲಿ ಯಾರೂ ಬಳಸಲಿಲ್ಲ.

ಅತ್ತಯ್ಯ ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿದರು. ನಗಲಿಲ್ಲ. "ಹಾಗಾದರೆ ನನ್ನ ನಡಿಗೆ?" ಎಂದರು.

"ಇದು ಪೂರ್ತಿ ಹೋಗೋ ತನಕ ಇಲ್ಲ ಅತ್ತಯ್ಯಾ."

"ಯಾವಾಗ ಹೋಗುತ್ತೆ?"

"ಕಿತ್ತರೆ ಹೋಗುತ್ತೆ."

"ಸರಿ. ನೀನು ಯಾವತ್ತು 'ನೆಗ್ಗಾಂ' ಅಂತೀಯೋ ಅವತ್ತು ಕಾಲಿಡ್ತೀನಿ. ಅಲ್ಲೀವರೆಗೆ ಈ ವರಾಂಡದಲ್ಲಿ ಕೈದಿ ಹಾಗೆ ಕೂತಿರ್ತೀನಿ. ಸಂತೋಷಾನಾ?"

ನೆಗ್ಗಾಂ ಅಂದರೆ ಗೆದ್ದೆವು. ಒಪ್ಪಂದ ಅಷ್ಟೇ ಇತ್ತು.

ಊರಿಗೆ ಫೋನ್ ಮಾಡಿದೆ. ನನ್ನ ಅಮ್ಮ ನಕ್ಕಳು. "ಏನೇ, ನೆಗ್ಗಿಲ್ ಮುಳ್ ಕೀಳಾಕೆ ಅಷ್ಟು ದೂರದಿಂದ ಫೋನ್ ಮಾಡ್ತೀಯಲ್ಲ. ಮೊದ್ಲು ಯಾವ್ದು ಅಂತ ನೋಡ್ಕ. ಸಣ್ಣ ನೆಗ್ಗಿಲೋ, ಆನೆ ನೆಗ್ಗಿಲೋ? ಎಲೆ ಇರೋ ಕಡ್ಡೀನ ಒಂದು ಚೊಂಬು ನೀರಿಗಾಕಿ ತಿರುವು. ನೀರು ಲೋಳೆಲೋಳೆ ಆದ್ರೆ ಅದು ಆನೇದು."

ಕೆಲಸದಲ್ಲಿ ದಿನವಿಡೀ ಗಾಜಿನ ಪಾತ್ರೆಗಳಲ್ಲಿ ಏನೇನೋ ಕಲಕುವ ನಾನು ಮನೆಗೆ ಬಂದು ಸ್ಟೀಲಿನ ಚೊಂಬಿನಲ್ಲಿ ಕಡ್ಡಿ ಕಲಕಿದೆ. ಮಾವಯ್ಯ ಪಕ್ಕದಲ್ಲಿ ನಿಂತು, "ಉಪ್ಪು ಹಾಕಲ್ವಾಮ್ಮಾ?" ಎಂದರು. ನೀರು ನೀರಾಗಿಯೇ ಉಳಿಯಿತು. ಹಾಗಾದರೆ ಸಣ್ಣ ನೆಗ್ಗಿಲು. ದೊಡ್ಡದಕ್ಕೆ ತೆಲುಗಿನಲ್ಲೂ ಆನೆಯ ಹೆಸರೇ ಎಂದು ಅತ್ತಯ್ಯ ಒಳಗಿನಿಂದ ಹೇಳಿದರು. ಒಂದು ಪ್ರಾಣಿಯ ವಿಷಯದಲ್ಲಾದರೂ ಎರಡು ಭಾಷೆ ಜಗಳವಾಡಲಿಲ್ಲ.

ಆಮೇಲೆ ಗಿಡವನ್ನೇ ಹುಡುಕುತ್ತಾ ಲಾನಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತೆ. ನಿಂತರೆ ಅದು ಕಾಣುವುದಿಲ್ಲ. ನೆಲಕ್ಕೆ ಅಂಟಿಕೊಂಡು, ನಡುವಿನ ಒಂದು ಬುಡದಿಂದ ಸುತ್ತಲೂ ಬಳ್ಳಿಗಳನ್ನು ಚಾಚಿ ಮಲಗಿರುತ್ತದೆ. ಬಳ್ಳಿಯ ಮೇಲೆ ನವಿರಾದ ರೋಮ. ಎಲೆ ಹುಣಸೆಯ ಎಲೆಯ ಚಿಕ್ಕ ತಂಗಿಯ ಹಾಗೆ. ಗೆಣ್ಣಿಗೆ ಎದುರುಬದುರಾಗಿ ಎರಡು ಎಲೆ, ಒಂದು ಉದ್ದ, ಒಂದು ಗಿಡ್ಡ. ಬೆಳಿಗ್ಗೆ ಹೊತ್ತು ಹಳದಿ ಹೂವು ಬಿಡುತ್ತದೆ. ಹೂವು ಉದುರಿದಲ್ಲಿ ಐದು ತುಂಡಿನ ಹಸಿರು ಕಾಯಿ. ಒಣಗಿದರೆ ತುಂಡುಗಳು ಬೇರೆಬೇರೆಯಾಗುತ್ತವೆ. ಹೇಗೆ ಬಿದ್ದರೂ ಒಂದು ಕೊಂಬು ಮೇಲೆ.

ಗೊಬ್ಬರದಂಗಡಿಯವನು ಮಾವಯ್ಯನಿಗೆ ಒಂದು ಮದ್ದು ತೋರಿಸಿದನಂತೆ. "ಅಗಲ ಎಲೆಯ ಕಳೆ ಮಾತ್ರ ಸಾಯುತ್ತೆ ಸಾರ್, ಹುಲ್ಲಿಗೆ ಏನೂ ಆಗಲ್ಲ." ಮಾವಯ್ಯ ಜೇಬಿನಿಂದ ಕಡ್ಡಿಯನ್ನು ತೆಗೆದು, "ಇದು ಅಗಲ ಎಲೇನಾ? ಹಾಗಾದರೆ ನಾನು ಕನ್ನಡಕ ಬದಲಿಸಬೇಕು" ಎಂದರಂತೆ. ಹುಲ್ಲಿನ ಜಾತಿಗೆ ಸೇರದ್ದೆಲ್ಲ ಅಂಗಡಿಯ ಲೆಕ್ಕದಲ್ಲಿ ಅಗಲ ಎಲೆ ಎಂದು ನಾನು ವಿವರಿಸಿದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ, ಆದರೂ ಮದ್ದು ತರುವ ಮನಸ್ಸಿತ್ತು.

ಅದನ್ನು ತಡೆದದ್ದು ಕಾಂಪೌಂಡಿನ ಆಚೆ ಬಯಲಿನಲ್ಲಿ ಹಸು ಮೇಯಿಸುತ್ತಿದ್ದ ಹೆಂಗಸು. ನಮಗೆ ಹಾಲು ಕೊಡುವವಳೂ ಅವಳೇ. ಗೋಡೆಯ ಮೇಲೆ ಮೊಣಕೈ ಊರಿ ಕೇಳಿದಳು: "ಬಾಬುಗಾರೂ, ಮದ್ದು ಹೊಡೀತೀರಂತೆ? ಗಾಳಿ ಸಮುದ್ರದ ಕಡೆಯಿಂದ ಬೀಸುತ್ತೆ, ನನ್ನ ಹುಲ್ಲಿನ ಮೇಲೇ ಬೀಳೋದು. ಹೊಡೀರಿ. ಆ ಹಾಲಲ್ಲಿ ಕಾಫಿ ಕುಡಿಯೋರು ನೀವೇ."

ಮಾವಯ್ಯ ಕಾಫಿಯ ವಿಷಯದಲ್ಲಿ ಅಪಾಯಕ್ಕೆ ಇಳಿಯುವವರಲ್ಲ.

ಅವಳ ಬಯಲನ್ನು ನೋಡಿದ ಮೇಲೆ ನಮ್ಮ ಲಾನಿನ ಕಥೆ ಅರ್ಥವಾಯಿತು. ಹಸುಗಳು ತುಳಿದು ಬೋಳಾದ ಕಡೆಯೆಲ್ಲ ನೆಗ್ಗಿಲು ಚಾಪೆ ಹಾಸಿತ್ತು. ಎಳೆಯದಿರುವಾಗ ಹಸುಗಳು ತಿನ್ನುತ್ತವಂತೆ, ಕಾಯಿ ಕಟ್ಟಿದ ಮೇಲೆ ಮೂತಿ ತಿರುಗಿಸುತ್ತವಂತೆ. ಗೊರಸಿನ ಸಂದಿಯಲ್ಲಿ ಮುಳ್ಳು ಸಿಕ್ಕಿಸಿಕೊಂಡು ಕುಂಟಿದ ಒಂದು ಕರುವನ್ನು ಅವಳು ನಮಗೆ ತೋರಿಸಿದಳು. ಕಾಯಿ ಹಸುವಿನ ಕಾಲಿನಿಂದ ಗೇಟಿನ ಮುಂದಿನ ದಾರಿಗೆ, ದಾರಿಯಿಂದ ನಮ್ಮ ಚಪ್ಪಲಿಗೆ, ಚಪ್ಪಲಿಯಿಂದ ಲಾನಿಗೆ ಬರುತ್ತಿತ್ತು. ಒಳಗೆ ಮಾತ್ರ ಕಿತ್ತು ಪ್ರಯೋಜನವಿರಲಿಲ್ಲ.

ಹಾಗಾಗಿ ಎರಡೂ ಕಡೆ ಕಿತ್ತೆವು. ಮಳೆ ಬಿದ್ದ ಮಾರನೆಯ ದಿನ, ಮಣ್ಣು ಮೆತ್ತಗಿರುವಾಗ. ಬುಡವನ್ನು ಹಿಡಿದು ತಾಯಿಬೇರಿನ ಸಮೇತ ಎಳೆಯಬೇಕು. ಮೇಲಿಂದ ಕಿತ್ತುಹೋದರೆ ಮತ್ತೆ ಚಿಗುರುತ್ತದೆ. ಕಾಯಿ ಕಟ್ಟಿದ ಗಿಡವನ್ನು ಎಳೆಯುವಾಗ ಕಾಯಿ ಉದುರದ ಹಾಗೆ ಬಳ್ಳಿಗಳನ್ನೆಲ್ಲ ಮೊದಲು ಒಂದು ಕಡೆ ಮಡಚಿಕೊಳ್ಳಬೇಕು, ಸೀರೆ ಮಡಚಿದ ಹಾಗೆ. ಮಾವಯ್ಯ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಇಕ್ಕಳ ಹಿಡಿದು ಬಯಲಿನಲ್ಲಿ ಕೂರುತ್ತಿದ್ದರು. ಅವರ ಬೆನ್ನನ್ನು ಒಂದು ಹಸು ನೆಕ್ಕಿತೆಂದು ನನಗೆ ನೆನಪು. ಅವರು ಇಲ್ಲವೆನ್ನುತ್ತಾರೆ, ಅಂಗಿಯನ್ನು ತೊಳೆದವಳು ನಾನು.

ಉದುರಿದ ಕಾಯಿಗಳಿಗೆ ಮಾವಯ್ಯ ಒಂದು ಉಪಾಯ ಹುಡುಕಿದರು. ಹಳೆಯ ಗೋಣಿಚೀಲವನ್ನು ಒದ್ದೆ ಮಾಡಿ, ಹಗ್ಗ ಕಟ್ಟಿ, ಮೇಲೆ ಒಂದು ಇಟ್ಟಿಗೆ ಹೇರಿ ಲಾನಿನ ಉದ್ದಗಲಕ್ಕೂ ಎಳೆಯುವುದು. ಮುಳ್ಳು ನಾರಿಗೆ ಕಚ್ಚಿಕೊಂಡು ಬರುತ್ತಿತ್ತು. ವರಾಂಡದಿಂದ ಅತ್ತಯ್ಯ ನಡೆಸುತ್ತಿದ್ದರು: "ಏಮಂಡೀ, ಆ ಮೂಲೆ ಬಿಟ್ರಿ. ಅಲ್ಲಲ್ಲ, ಎಡಕ್ಕೆ. ಮದುವೆಯಾದಾಗಿನಿಂದ ನಿಮಗೆ ಎಡ ಯಾವುದು ಅಂತ ಗೊತ್ತಿಲ್ಲ."

"ನೀನು ಯಾವತ್ತೂ ಬಲಕ್ಕೇ ಕೂತಿರ್ತೀಯಲ್ಲ, ಎಡ ನೋಡೋಕೆ ಬಿಟ್ಟಿದ್ದು ಯಾವಾಗ?"

ದಿನಾ ನಾನು ಕೆಲಸದಿಂದ ಬಂದು ಗೇಟು ತೆಗೆಯುವಾಗ ಅತ್ತಯ್ಯನ ಪ್ರಶ್ನೆ ತಯಾರಿರುತ್ತಿತ್ತು. "ಏಮ್ಮಾ, ನೆಗ್ಗಾವಾ?" ಗೆದ್ದೆಯಾ? "ಇನ್ನೂ ಇಲ್ಲ ಅತ್ತಯ್ಯಾ." ತಮಾಷೆಯ ಧ್ವನಿಯಲ್ಲೇ ಕೇಳುತ್ತಿದ್ದರು. ಆದರೆ ವರಾಂಡದ ಮೆಟ್ಟಿಲ ಮೇಲೆ ಕೂತು, ಕಾಲನ್ನು ಹುಲ್ಲಿಗೆ ತಾಗದಷ್ಟು ಎತ್ತರದಲ್ಲಿ ಆಡಿಸುತ್ತಾ ಇರುವುದನ್ನು ನಾನು ನೋಡಿದ್ದೇನೆ. ಸಂಜೆ ಆ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು ಅಂಗಾಲನ್ನು ನೋಡುತ್ತಿದ್ದೆ. ಕಚಗುಳಿ ಇಟ್ಟು, "ಗೊತ್ತಾಗುತ್ತಾ?" ಎಂದರೆ, "ಗೊತ್ತಾಗದೆ ಏನು, ನಿನ್ನ ಉಗುರು ಕತ್ತರಿಸು ಮೊದಲು" ಎನ್ನುತ್ತಿದ್ದರು. ನಾನು ಕಚಗುಳಿ ಇಟ್ಟದ್ದು ಬೆರಳ ತುದಿಯಲ್ಲಿ, ಉಗುರಿನಲ್ಲಲ್ಲ.

ಇನ್ನು ಮುಂದಿನದು. ಇದನ್ನು ನಾನು ಹೇಳುವ ರೀತಿ ಪ್ರತಿ ಸಲ ಬದಲಾಗಿದೆ. ಮೊದಮೊದಲು ನಗಿಸಲು ಹೇಳುತ್ತಿದ್ದೆ.

ರಜೆಯ ದಿನ, ಬೆಳಿಗ್ಗೆ. ಲಾನಿನಲ್ಲಿ ಗರಿಕೆ ದಟ್ಟವಾಗಿ ಬೋಳು ಜಾಗಗಳೆಲ್ಲ ಮುಚ್ಚಿದ್ದವು. ಹೊಸ ನೆಗ್ಗಿಲು ಕಂಡು ಬಹಳ ದಿನವಾಗಿತ್ತು. ಮಾವಯ್ಯ ಆಚೆ ಬಯಲಿನಲ್ಲಿದ್ದರು. ನಾನು ನಲ್ಲಿಯ ಮೂಲೆಯಲ್ಲಿ ಕೂತು ಗರಿಕೆಯನ್ನು ಬಿಡಿಸಿ ನೋಡಿದೆ. ಅದರ ಕೆಳಗೆ, ಯಾರ ಕಣ್ಣಿಗೂ ಬೀಳದೆ, ಬಳ್ಳಿ ಹಬ್ಬಿತ್ತು. ಕಾಯಿ ಒಣಗಿ, ಕೆಲವು ಆಗಲೇ ಉದುರಿದ್ದವು. ಗಾಬರಿಯಿಂದ ಕೂಗಿದೆ: "ಮಾವಯ್ಯಾ! ನೆಗ್ಗಿಲು! ನೆಗ್ಗಿಲು!"

ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಆ ಸದ್ದಿನ ಮೂಲಕ ಅತ್ತಯ್ಯನಿಗೆ ಕೇಳಿಸಿದ್ದು: "ನೆಗ್ಗಾಂ! ನೆಗ್ಗಾಂ!"

ಅವರು ಮಿಕ್ಸಿ ನಿಲ್ಲಿಸಿ, ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಇಳಿದರು. ನನ್ನ ಬೆನ್ನು ಅವರ ಕಡೆಗಿತ್ತು. ತಿರುಗಿದಾಗ ಅವರು ಲಾನಿನ ನಡುವೆ ಇದ್ದರು, ಸೀರೆಯನ್ನು ಒಂದು ಚೂರು ಮೇಲೆತ್ತಿ, ಮಾತಿಲ್ಲದೆ. ಆ ಮುಖವನ್ನು ನಾನು ಭವಾನಿಪುರಂ ಬಿಟ್ಟ ಮೇಲೆ ನೋಡಿರಲಿಲ್ಲ. ಇಲ್ಲಿ ನನ್ನ ನೆನಪನ್ನು ನಾನೇ ನಂಬದ ಒಂದು ಅಂಶವಿದೆ: ಅವರನ್ನು ತಕ್ಷಣ ಕೂಗಿ ನಿಲ್ಲಿಸಿದೆನೋ, ಆ ಮುಖವನ್ನು ಒಂದು ಗಳಿಗೆ ನೋಡುತ್ತಾ ನಿಂತೆನೋ. ಹೇಳುವಾಗೆಲ್ಲ ತಕ್ಷಣ ಓಡಿದೆ ಎಂದೇ ಹೇಳುತ್ತೇನೆ. ಮಾವಯ್ಯನ ಪ್ರಕಾರ ಅತ್ತಯ್ಯ ಆಗಲೇ ಒಂದು ಸುತ್ತು ಮುಗಿಸಿದ್ದರು. ಗೋಡೆಯ ಆಚೆಯಿಂದ ಅವರು ನೋಡಿದರಂತೆ, ತಡೆಯಲಿಲ್ಲವಂತೆ, ಯಾಕೆಂದರೆ ಅವರಿಗೂ ಕೇಳಿಸಿದ್ದು ಗೆದ್ದೆವು ಎಂದೇ. ತಿಂಗಳುಗಟ್ಟಲೆ ತಮಾಷೆ ಮಾಡಿ ಮಾಡಿ ಆ ಮನೆಯಲ್ಲಿ ಪದದ ಮುಳ್ಳಿನ ಅರ್ಥವೇ ಸವೆದುಹೋಗಿತ್ತು.

"ಅತ್ತಯ್ಯಾ, ನಿಂತ್ಕೊಳ್ಳಿ! ಅಲ್ಲೇ! ಅಲುಗಬೇಡಿ!"

"ಯಾಕೆ? ನೀನೇ ಅಂದ್ಯಲ್ಲ."

"ನಾನು ಮುಳ್ಳು ಅಂದೆ!"

"ಮುಳ್ಳು ಅಂತ ಎಲ್ಲಿ ಅಂದೆ? ನೆಗ್ಗಾಂ ಅಂದೆ. ಇಡೀ ಬೀದಿಗೆ ಕೇಳ್ತು."

ಮಾವಯ್ಯ ಕುರ್ಚಿ ತಂದರು. ಲಾನಿನ ನಡುವೆಯೇ ಕೂರಿಸಿ ಅಂಗಾಲು ಎತ್ತಿ ನೋಡಿದೆ. ಬಲಗಾಲಿನಲ್ಲಿ ಏನೂ ಇರಲಿಲ್ಲ. ಎಡಗಾಲಿನ ಹಿಮ್ಮಡಿಯ ಒಳಬದಿಯಲ್ಲಿ ಕಾಯಿಯ ಒಂದು ತುಂಡು ಇತ್ತು. ಒಂದು ಕೊಂಬು ಪೂರ್ತಿ ಒಳಗೆ, ಇನ್ನೊಂದು ಹೊರಗೆ. ರಕ್ತವಿರಲಿಲ್ಲ. ಸುತ್ತಲಿನ ಚರ್ಮ ಒತ್ತಿ ಬೆಳ್ಳಗಾಗಿತ್ತು. ಅದರ ಮೇಲೆ ಅವರು ಎಷ್ಟೋ ಹೆಜ್ಜೆ ಊರಿ ನಡೆದಿದ್ದರು ಎಂಬುದು ನೋಡಿದರೆ ತಿಳಿಯುತ್ತಿತ್ತು.

ನಾನು ಇಕ್ಕಳ ತೆಗೆದುಕೊಂಡೆ. ಅತ್ತಯ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ಅವರು, "ಅಬ್ಬಾ… ಮೆಲ್ಲಗೆ" ಎಂದರು. ಮುಳ್ಳು ಹೊರಬಂತು.

ಪಕ್ಕದಲ್ಲಿ ಕುಕ್ಕರಿಸಿದ್ದ ಮಾವಯ್ಯ ಎದ್ದುನಿಂತರು. "ನೋಡಿದ್ಯಾ, ನೋಡಿದ್ಯಾ! ನೋವಾಯ್ತು ಅವಳಿಗೆ! ಗೊತ್ತಾಗುತ್ತೆ ಕಾಲು!" ಹೆಂಡತಿಗೆ ನೋವಾಯಿತೆಂದು ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ. ಅತ್ತಯ್ಯ, "ಚಾಲ್ಲೇಂಡಿ, ಸಾಕು, ಊರಿಗೆಲ್ಲ ಹೇಳಬೇಡಿ" ಎಂದು ಅವರನ್ನು ಕೂರಿಸಿದರು.

ಅವತ್ತೇ ಡಾಕ್ಟರ ಹತ್ತಿರ ಹೋದೆವು. ಗಾಯ ತೊಳೆದು ಕಟ್ಟು ಹಾಕಿದರು, ನನಗೂ ಮಾವಯ್ಯನಿಗೂ ಸರಿಯಾಗಿ ಬೈದರು. ಗಾಯ ಮುಚ್ಚಲು ಬಹಳ ದಿನ ತೆಗೆದುಕೊಂಡಿತು. ಕಟ್ಟು ಬದಲಿಸುವಾಗ ನಾನು ಪ್ರತಿ ದಿನ ಕೆಂಪು ಹಬ್ಬಿದೆಯೇ ಎಂದು ನೋಡುತ್ತಿದ್ದೆ, ಅತ್ತಯ್ಯ ಟೀವಿ ನೋಡುತ್ತಿದ್ದರು. ಮುಚ್ಚಿತು. ಕಾಲು ಉಳಿಯಿತು.

ಆದರೆ ಅವತ್ತು ಡಾಕ್ಟರ ಹತ್ತಿರದಿಂದ ಬಂದು ಆಟೋ ಇಳಿಯುವಾಗಲೇ ಅತ್ತಯ್ಯ ತಾವಾಗಿ ಹೇಳಿದರು: "ನನಗೆ ಒಳ್ಳೆಯದೊಂದು ಶೂ ತಂದುಕೊಡು. ಗಟ್ಟಿ ಅಡಿಯದು. ಇನ್ನು ಬರಿಗಾಲು ಸಾಕು." ಯಾರೂ ಕೇಳಿರಲಿಲ್ಲ. ವಾದಕ್ಕೆ ಇಡೀ ದಾರಿ ತಯಾರಾಗಿ ಬಂದಿದ್ದ ನಾನು ಅವರ ಕಾಲಿನ ಅಳತೆ ಕೇಳಿದೆ. ಈಗ ಬೂದು ಬಣ್ಣದ ಶೂ ಹಾಕಿಕೊಂಡು ಸೀರೆಯಲ್ಲಿ ಬೆಳಿಗ್ಗೆ ಲಾನಿನ ಸುತ್ತ ನಡೆಯುತ್ತಾರೆ. ಮಾತಾಡುತ್ತಲೇ ನಡೆಯುತ್ತಾರೆ. ಮಾವಯ್ಯ ಈಗಲೂ ಮಳೆಯಾದ ಮಾರನೆಯ ದಿನ ಕೂತು ಕೀಳುತ್ತಾರೆ, ಬಯಲಿನಲ್ಲೂ. ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಕಾಯುತ್ತದೆಯಂತೆ.

ಮಾವಯ್ಯ ಆ "ಅಬ್ಬಾ"ವನ್ನು ಬಂದವರಿಗೆಲ್ಲ ಹೇಳುತ್ತಾರೆ, ಕಾಲಿಗೆ ಜೀವ ಇದೆ ಎಂಬುದಕ್ಕೆ ಸಾಕ್ಷಿಯಾಗಿ. ಅತ್ತಯ್ಯ ಅಲ್ಲಗಳೆಯುವುದಿಲ್ಲ. ನೋವು ತಿಳಿಯುವ ಕಾಲಾಗಿದ್ದರೆ ಮುಳ್ಳಿನ ಮೇಲೆ ಅಷ್ಟು ಹೊತ್ತು ಯಾಕೆ ನಡೆದರು? ತಿಳಿಯದ ಕಾಲಾಗಿದ್ದರೆ ಅಬ್ಬಾ ಎಂದದ್ದು ಯಾಕೆ? ಒಂದು ಸಲ ಕೇಳಿದೆ. "ನೋವಾಗಿತ್ತು, ಅಂದೆ" ಎಂದರು. ಇನ್ನೊಂದು ಸಲ ಕೇಳಿದಾಗ, "ನಿನ್ನ ಮುಖ ಅಷ್ಟು ಸಣ್ಣದಾಗಿತ್ತು, ಏನಾದರೂ ಅನ್ನಬೇಕಿತ್ತಲ್ಲ" ಎಂದು ನಕ್ಕರು. ಇಕ್ಕಳ ಮುಳ್ಳಿಗೆ ತಾಗುವ ಮೊದಲೇ ಅವರು ಹಾಗೆ ಅಂದರೋ, ತಾಗಿದ ಮೇಲೆ ಅಂದರೋ ಎಂಬುದೊಂದು ಗೊತ್ತಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ನಾನು ಎಷ್ಟೋ ಸಲ ಆ ಗಳಿಗೆಗೆ ಹಿಂದಿರುಗಿ ನೋಡಿದ್ದೇನೆ. ಯಾವುದು ಮೊದಲು ಎಂದು ನನಗೆ ಗೊತ್ತಿಲ್ಲ.